ತಾಸಿಗೆ ಇಪ್ಪತ್ತೆರಡು ಮಿಲಿ

ಒಂಬತ್ತನೇ ಹಾಸಿಗಿ. ರಾಜೇಸಾಬ ಗುಡಗೇರಿ, ನಲವತ್ತಾರು,
ಹುಬ್ಬಳ್ಳಿ ಗೂಡ್ಸ್‌ಶೆಡ್ಡಿನ ಹಮಾಲ.
ತಲಿಬುರುಡಿಗೆ ಒಂದು ತೂತು, ತೂತಿನಿಂದ ನಳಿಗಿ,
ನಳಿಗಿಯ ತುದಿಗೆ ಗೆರಿ ಹಾಕಿದ ಚೀಲ.
ಕಿವಿಯ ಎತ್ತರಕ್ಕ ಸೊನ್ನಿ ಹಿಡೀಬೇಕು,
ಗೌಂಡಿ ಪೈಪಿನಾಗ ನೀರು ತುಂಬಿ ಮಟ್ಟಾ ನೋಡಿದಂಗ.
ಬೆರಳಗಲ ಕೆಳಗಾದರ ಹೆಚ್ಚು ಸೋರತದ,
ಮ್ಯಾಲಾದರ ಒಳಗ ನಿಲ್ಲತದ.
ಎರಡೂ ಕೆಡಕು.

ತಾಸಿಗೊಮ್ಮೆ ಬರೀತೀನಿ.
ಹನ್ನೆರಡಕ್ಕ ಹದಿನೆಂಟು. ಒಂದಕ್ಕ ಇಪ್ಪತ್ತೆರಡು.
ಎರಡಕ್ಕೂ ಇಪ್ಪತ್ತೆರಡು.
ಮದಲ ಮೂರು ದಿನ ಕೆಂಪು, ಆಮ್ಯಾಲೆ ದಾಸವಾಳ ತೊಳದ ನೀರು,
ಇವತ್ತು ತೆಳು ಹಳದಿ.

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳಾ ಬರತದ.
ಬಂದದ್ದು ಕೇಳಲಿ ಅಂತ
ಖಾಲಿ ಕೊಡ ಕೆಳಗಿಟ್ಟು ಮಲಗತೀವಿ.
ತಲಿಯೊಳಗಿನ ನಳಾ ಬಂದಾಗೂದೇ ಇಲ್ಲ:
ದಿನಾ ಅರ್ಧ ಲೀಟರು, ಒಂದು ಹಾಲಿನ ಪಾಕೀಟು,
ಗುಂಡಿಗಿ ಬಡಿಯೂತನಕ.

ಎಲ್ಲಿಂದ ಬರತದ?
ಮಿದುಳಿನ ನಡುವ ನಾಲ್ಕು ಕುಹರ,
ಅವುಗಳ ಒಳಗ ಕೂಸಿನ ಕುಲಾಯಿಗೆ ಹಚ್ಚಿದಂಥಾ ಕೆಂಪು ಗೊಂಡೆ.
ರಕ್ತ ಅಲ್ಲೀತನಕ ಬರತದ, ತನ್ನ ಕೆಂಪು ತನ್ನಲ್ಲೇ ಇಟಗೊಂಡು
ತಿಳಿಯಷ್ಟ ಆಚೆ ಕೊಡತದ.
ಕ್ಲಾಸಿನಾಗ ಕಲಿಸಿದ್ದರು: ಮದಲ ಉಪ್ಪು ದಾಟತದ,
ನೀರು ಅದರ ಬೆನ್ನ ಹತ್ತತದ.
ನನಗ ಕೂಡಲೇ ತಿಳೀತು. ಅಣ್ಣಿಗೇರಿಯೊಳಗ ಅವ್ವ
ಮಾವಿನ ಹೋಳಿಗೆ ಉಪ್ಪು ಬೆರಸಿ ಇಡತಿದ್ದಳು,
ಮುಂಜಾನೆ ಭರಣಿಯಾಗ ನೀರೋ ನೀರು,
ಹೊರಗಿನದು ಒಂದು ಹನಿ ಹಾಕಿರಲಿಲ್ಲ.
ಪರೀಕ್ಷೆಯಾಗ ಹಂಗ ಬರದು ಪಾಸಾದೆ.

ಈಗ ಹೊಸಾ ಡಾಕ್ಟರ, ಶಿಗ್ಗಾಂವಿಯ ಹುಡುಗ, ಬ್ಯಾರೇನ ಹೇಳತಾನ:
ಆ ಗೊಂಡೇದ ತೊಗಲಿನಾಗ ಒಂದು ಬಾಗಿಲದಂತ.
ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್,
ನಾಲ್ಕೂ ಕೂಡಿದರನ ಹಾದಿ.
ಅವು ದಾಟುವಾಗ ನೂರಾರು ನೀರಿನ ಕಣ ಅವುಗಳ ಜೋಡೀನ.
ಏರಿನಾಗೂ ನೀರು ಏರತದಂತ, ಹೊರಾವರು ಇದ್ದರ.
"ಇನ್ನೂ ಜಗಳ ನಡದದ ಸಿಸ್ಟರ್, ಪೂರ್ತಿ ಯಾರಿಗೂ ಗೊತ್ತಿಲ್ಲ"
ಅಂತ ಆಕಳಿಸಿ, ಹನ್ನೊಂದನೇ ಹಾಸಿಗಿಗೆ ಹೋದ.

ಜೈತುನಬಿ ಬಾಗಿಲಾಗ ನಿಂತಿದ್ದಳು, ಥರ್ಮಾಸ್ ಹಿಡದು.
ಒಳಗ ಬರಬಾರದು. ಬಂದಳು.
ಚೀಲ ನೋಡಿ ಕೇಳಿದಳು, "ಇದು ರುಚಿ ಹೆಂಗಿರತದ್ರಿ?"
ಹದಿನಾಕು ವರ್ಷದಾಗ ಯಾರೂ ಕೇಳಿರಲಿಲ್ಲ ಇದನ್ನ.
"ಉಪ್ಪು," ಅಂದೆ.
ಅಕಿ ಗಂಡನ ಕಾಲಕಡೆ ಹೊದಿಕಿ ಸರಿ ಮಾಡಿದಳು.

"ಗುಜರಾತದಿಂದ ಉಪ್ಪಿನ ವ್ಯಾಗನ್ ಬಂದ ದಿನ
ಐವತ್ತು ಕಿಲೋದ ಚೀಲ ಈ ತಲಿಮ್ಯಾಲೆ.
ಸಂಜಿಗೆ ಅಂಗಿ ಬಿಚ್ಚಿ ಕೊಟ್ಟರ, ನಿಲ್ಲಿಸಿದರ ನಿಲ್ಲತಿತ್ತು.
ಅದರಾಗ ಚೀಲದ ಉಪ್ಪು ಯಾವದು, ಮೈಯ ಉಪ್ಪು ಯಾವದು?
ಉಪ್ಪು ಮದಲ, ನೀರು ಆಮ್ಯಾಲೆ ಅಂತ ಬೆವರು ಬರತದೇನ್ರಿ?
ಕೂಡೇ ಬರತದ."

ಮುಕಾದಮ ಮಧ್ಯಾಹ್ನ ಬಂದಾಂವ
ಹಣ್ಣಿನ ಚೀಲ ಇಟ್ಟು, ಪಾವಟಿಗಿಯ ಹತ್ತರ ಅಂದಿದ್ದ:
ಬಿ.ಪಿ. ಗುಳಿಗಿ ನುಂಗು ಅಂದರ ಕೇಳಲಿಲ್ಲ,
ಉಪ್ಪು ತಿಂದಾಂವ ನೀರು ಕುಡೀಲೇಬೇಕು.
ಇಂವ ತಿಂದದ್ದಕ್ಕಿಂತ ಹೊತ್ತದ್ದು ಹೆಚ್ಚು,
ಅನಬೇಕಿತ್ತು ನಾ. ಅನಲಿಲ್ಲ.

ಮೂರು ಹೊಡೀತು. ತಲಿದಿಂಬು ಏರಿಸಬೇಕು,
ಅದಕ್ಕೂ ಮದಲ ಗುಂಡಿ ತಿರುವಿ ನಳಿಗಿ ಬಂದ್.
"ನೀವು ಬಗ್ಗಿ ನೋಡ್ರಿ," ಅಂದೆ, "ಕಿವಿ, ಸೊನ್ನಿ, ಒಂದ ಗೆರಿಯಾಗ ಅವನು?"
ಅಕಿ ಮಂಡಿ ಊರಿ, ಒಂದು ಕಣ್ಣು ಮುಚ್ಚಿ,
ಅವನ ಕಿವಿಗೆ ತನ್ನ ಕಣ್ಣು ಸಮ ಮಾಡಿದಳು.
ಬಾಳ ಹೊತ್ತು.
"ತುಸು ಮ್ಯಾಲೆ... ಇಲ್ಲ, ಇಳಸ್ರಿ. ಹಾಂ."

ಗುಂಡಿ ತಗದೆ.
ಒಂದು ಹನಿ ನಳಿಗಿಯ ಬಾಯಾಗ ಕಟ್ಟತಾ ಬಂತು,
ಬೀಳಲಿಲ್ಲ, ಬೀಳಲಿಲ್ಲ,
ಬಿತ್ತು.